ಬೇಸಿಗೆಯ ತರಕಾರಿ ತೋಟ: ಲೆಕ್ಕಕ್ಕೆ ಬಾರದ ದುಡಿಮೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಕೆರೆ, ಕೊಳವೆಬಾವಿಗಳೇ ಗತಿ. ಕೊಳವೆಬಾವಿಗಳೂ ಎಷ್ಟೋ ಕಡೆ 1000 ಅಡಿಗಿಂತ ಕೆಳಗಿಳಿದಿವೆ. ಅಂಥ ನೆಲದಲ್ಲಿ ಒಂದೆರಡು ಎಕರೆ ಇಟ್ಟುಕೊಂಡ ಕುಟುಂಬಗಳು ಏಪ್ರಿಲ್ ಬಿಸಿಲಲ್ಲೂ ಟೊಮೆಟೊ, ಹೀರೆ, ಸೊಪ್ಪು ಬೆಳೆಯುತ್ತವೆ.

ಬೇಸಿಗೆಯಲ್ಲಿ ಈ ಮನೆಗಳ ದಿನಚರಿಯನ್ನು ಗೊತ್ತುಮಾಡುವುದು ಕರೆಂಟು. ಮೋಟಾರು ಓಡಿಸುವ ತ್ರೀ ಫೇಸ್ ಕರೆಂಟು ನಡುರಾತ್ರಿ ಬಂದರೆ ನಡುರಾತ್ರಿಯೇ ಎದ್ದು ಹೋಗಬೇಕು. ಮೋಟಾರು ತಾನಾಗಿ ಓಡುವಂತೆ ಮಾಡಿಟ್ಟರೂ ಮಲಗಿರಲು ಆಗುವುದಿಲ್ಲ. ಆಳದ ನೀರಿನ ಉಪ್ಪು ಡ್ರಿಪ್ ಪೈಪಿನ ತೂತುಗಳಲ್ಲಿ ಕಟ್ಟಿಕೊಳ್ಳುತ್ತದೆ. ಯಾರಾದರೊಬ್ಬರು ಟಾರ್ಚ್ ಹಿಡಿದು ಸಾಲುಸಾಲಾಗಿ ನಡೆದು, ಬುಡದ ಮಣ್ಣು ಮುಟ್ಟಿ ನೋಡಬೇಕು. ಒಣಗಿದ್ದರೆ ಪೈಪಿನ ಕೊನೆಯ ಮಡಿಕೆ ಬಿಚ್ಚಿ, ಕೆಸರು ಹರಿಯಬಿಟ್ಟು ಮತ್ತೆ ಕಟ್ಟಬೇಕು. ಆ ರಾತ್ರಿ ತಪ್ಪಿದ ಸಾಲಿನ ಎಲೆ ಮರುದಿನ ಮಧ್ಯಾಹ್ನಕ್ಕೆ ಜೋತುಬೀಳುತ್ತದೆ.

ನೀರು ಕೊಟ್ಟರೂ ಬಿಸಿಲು ಬಿಡುವುದಿಲ್ಲ. ಹಗಲಿನ ತಾಪ 35 ಡಿಗ್ರಿ ದಾಟಿ ಹಾಗೆಯೇ ನಿಂತರೆ ಟೊಮೆಟೊ ಹೂವು ಕಾಯಿ ಕಟ್ಟದೆ ಉದುರುತ್ತದೆ. ಬಿಳಿ ನೊಣ ಎಲೆ ಮುಟುರು ರೋಗವನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಈ ರೋಗವನ್ನು ತಡೆದುಕೊಳ್ಳುತ್ತದೆ. ತೋಟದ ಸುತ್ತ ಜೋಳ ಬಿತ್ತಿ, ಹಳದಿ ಅಂಟುಹಾಳೆ ಕಟ್ಟಿದರೆ ನೊಣದ ಕಾಟವೂ ತಗ್ಗುತ್ತದೆ.

ಕೊಯ್ಲು ಬಹುಪಾಲು ಹೆಂಗಸರ ಕೆಲಸ. ಬಿಸಿಲೇರುವ ಮೊದಲೇ, ಬಣ್ಣ ತಿರುಗುತ್ತಿರುವ ಕಾಯಿಯನ್ನಷ್ಟೇ ಆರಿಸಿ ಕೀಳಬೇಕು; ದೂರದ ಊರಿಗೆ ಲಾರಿಯಲ್ಲಿ ಹೋಗುವಷ್ಟು ಗಟ್ಟಿಯಾಗಿರಬೇಕಲ್ಲ. ಗಿಡದ ಅಂಟು ಬೆರಳಿಗೆ ಮೆತ್ತಿ ಹಸಿರು ಕಪ್ಪಾಗುತ್ತದೆ, ಸೋಪಿಗೂ ಬಗ್ಗುವುದಿಲ್ಲ. ಅದೇ ಕೈಯಲ್ಲಿ ಮನೆಯ ಅಡುಗೆ, ಹಸುವಿನ ಹಾಲು, ಮಕ್ಕಳ ಆರೈಕೆ ಎಲ್ಲವೂ ಆಗಬೇಕು.

2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸಿನ ಬೆಲೆ 2000 ರೂಪಾಯಿ ದಾಟಿತ್ತು. ಊರೆಲ್ಲ ಆ ಬೆಲೆಯನ್ನೇ ನೆನೆಯುತ್ತದೆ. ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದ ವರ್ಷಗಳನ್ನು ನೆನೆಯುವವರು ಕಡಿಮೆ. ನನ್ನ ಸಂಕಟ ಇನ್ನೂ ಒಂದಿದೆ. ಕೇಂದ್ರ ಸರ್ಕಾರ ಬೆಂಬಲ ಬೆಲೆ ನಿಗದಿ ಮಾಡುವಾಗ ಮನೆಯವರ ದುಡಿಮೆಗೂ ಬೆಲೆ ಕಟ್ಟಿ ಖರ್ಚಿಗೆ ಸೇರಿಸುವ ಪದ್ಧತಿ ಇದೆ. ಆದರೆ ಬೆಂಬಲ ಬೆಲೆಯ ಬೆಳೆಗಳ ಪಟ್ಟಿಯಲ್ಲಿ ತರಕಾರಿಯೇ ಇಲ್ಲ. ಹಾಗಾಗಿ ರಾತ್ರಿ ಟಾರ್ಚ್ ಹಿಡಿದವರ, ಬೆಳಗ್ಗೆ ಕಾಯಿ ಕಿತ್ತವರ ಕೂಲಿ ಯಾರ ಲೆಕ್ಕದಲ್ಲೂ ಕಾಣುವುದಿಲ್ಲ.

ರೈತ ಬಂಧುಗಳಲ್ಲಿ ನನ್ನದೊಂದು ಕೋರಿಕೆ. ಬೀಜ, ಗೊಬ್ಬರ, ಔಷಧಿ, ಲಾರಿ ಬಾಡಿಗೆ ಬರೆಯುವ ಪುಸ್ತಕದಲ್ಲೇ ಹೆಂಡತಿಯ, ತಾಯಿಯ, ಮಗನ ದಿನಗೂಲಿಯನ್ನೂ ಊರಿನ ದರದಲ್ಲೇ ಬರೆಯಿರಿ. ಹರಾಜಿನಲ್ಲಿ ಬಂದ ಹಣದಿಂದ ಅದನ್ನೂ ಕಳೆದು ನೋಡಿ, ಬರುವ ಬೇಸಿಗೆಗೆ ಟೊಮೆಟೊ ಎಷ್ಟು ಸಾಲು, ಹೀರೆ ಎಷ್ಟು ಸಾಲು ಎಂದು ಮನೆಯವರೆಲ್ಲ ಕೂತು ತೀರ್ಮಾನಿಸಿ. ನಮಸ್ಕಾರ.