ತಲೆ ಎತ್ತಿ ನೋಡಿ: ದಾವಣಗೆರೆಯ ಮಾಳಿಗೆ, ತಾರಸಿ ಮತ್ತು ಎರಡು ದಿನದ ತೆರೆದ ಬಾಗಿಲು

ಎಲ್ಲರಿಗೂ ನಮಸ್ಕಾರ.

ದಾವಣಗೆರೆಗೆ ಬಂದ ನೆಂಟರು ನೋಡುವಂಥದ್ದು ಏನಿದೆ ಎಂದು ಕೇಳಿದರೆ ನಾವು ಅವರನ್ನು ಹರಿಹರಕ್ಕೋ ಸಂತೇಬೆನ್ನೂರಿನ ಪುಷ್ಕರಣಿಗೋ ಚಿತ್ರದುರ್ಗದ ಕೋಟೆಗೋ ಕಳಿಸುತ್ತೇವೆ. ಊರೊಳಗಿನದನ್ನು ತೋರಿಸುವುದಿಲ್ಲ. ಈ ಊರು ಬೆಳೆದ ಬಗೆ ಬೀದಿಯಲ್ಲಿ ನಿಂತವರಿಗೆ ಕಾಣುವುದೂ ಇಲ್ಲ. ಮುಂಗೋಡೆಗೆ ಹತ್ತಾರು ಸಲ ಬಣ್ಣ ಬಿದ್ದಿದೆ, ಟೈಲ್ಸ್ ಕೂತಿದೆ, ಅಂಗಡಿಯ ಫಲಕ ಏರಿದೆ. ಒಳಗೆ ಹೋಗಿ ತಲೆ ಎತ್ತಿದರೆ ಮಾತ್ರ ಹಳೆಯದು ಸಿಗುತ್ತದೆ, ಯಾಕೆಂದರೆ ಚಾವಣಿ ಬದಲಿಸುವುದು ಬಲು ದುಬಾರಿಯ ಕೆಲಸ. ಅದಕ್ಕೇ ಊರಿನ ಹಳೆಯ ಮನೆಗಳ ಬಾಗಿಲನ್ನು ಎರಡು ದಿನ ಜನರು ನೋಡಲು ತೆರೆಸಬೇಕು ಎಂದು ನಾನು ಕೇಳುತ್ತಿರುವುದು.

ಹೀಗೆ ಬಾಗಿಲು ತೆರೆಯುವ ಪದ್ಧತಿ 1984ರಲ್ಲಿ ಫ್ರಾನ್ಸಿನಲ್ಲಿ ಶುರುವಾಯಿತು. ಲಂಡನ್ನಿನ ಓಪನ್ ಹೌಸ್ 1992ರಿಂದ ನಡೆಯುತ್ತಿದೆ. ಅಲ್ಲಿ ಅರಮನೆ, ಸರ್ಕಾರಿ ಕಚೇರಿಗಳ ಜೊತೆಗೆ ಹೊರವಲಯದ ಸಾಮಾನ್ಯ ಮನೆಗಳೂ ಜನರಿಗೆ ತೆರೆಯುತ್ತವೆ. ನಮಗೆ ಬೇಕಾದದ್ದು ಸಾಮಾನ್ಯ ಮನೆಗಳು ತೆರೆಯುವ ಈ ಎರಡನೆಯ ಬಗೆ.

ಯಾವಾಗ ಮಾಡಬೇಕು? ಏಪ್ರಿಲ್ 18 ವಿಶ್ವ ಪರಂಪರೆ ದಿನ, ಆದರೆ ಆ ಬಿಸಿಲಲ್ಲಿ ದಾವಣಗೆರೆಯ ಬೀದಿ ಸುತ್ತುವುದು ಕಷ್ಟ. ನವೆಂಬರ್ 19ರಿಂದ 25ರವರೆಗೆ ನಮ್ಮ ದೇಶದಲ್ಲಿ ವಿಶ್ವ ಪರಂಪರೆ ಸಪ್ತಾಹ ನಡೆಯುತ್ತದೆ. ಆ ವಾರದ ಶನಿವಾರ, ಭಾನುವಾರ ನಮಗೆ ಹೊಂದುತ್ತವೆ. ಮಳೆ ಮುಗಿದಿರುತ್ತದೆ, ಸೋರಿದ ಕಲೆ ಇನ್ನೂ ಗೋಡೆಯ ಮೇಲಿರುತ್ತದೆ. ಚಾವಣಿಗೆ ಎಲ್ಲಿ ನೋವಾಗಿದೆ ಎಂದು ಆ ಕಲೆಯೇ ಹೇಳುತ್ತದೆ.

ಮೊದಲು ಆನೆಕೊಂಡಕ್ಕೆ ಹೋಗಿ. ಇವತ್ತು ಅದು ನಗರದ ಒಂದು ಮೂಲೆ, ಆದರೆ ಅಲ್ಲಿನ ಈಶ್ವರ ದೇಗುಲ ಕಲ್ಯಾಣ ಚಾಲುಕ್ಯ ಶೈಲಿಯದು. ದಾವಣಗೆರೆ ಆಗ ಹೆಸರಿಲ್ಲದ ಹಳ್ಳಿ. ಬಹುಕಾಲ ಇದು ಬೇತೂರಿನ ಹೊರಪೇಟೆಯಂತಿತ್ತು ಎಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಹೈದರಾಲಿ ಇದನ್ನು ಅಪ್ಪೋಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಆತ ವ್ಯಾಪಾರಿಗಳನ್ನು ಕರೆದು ನೆಲೆಗೊಳಿಸಿದ ಮೇಲೆ ಪೇಟೆ ಬೆಳೆಯಿತು. ಬೇತೂರೇ ಈಗ ಪಕ್ಕದ ಹಳ್ಳಿ. ಯಾವುದು ಊರು, ಯಾವುದು ಹೊರವಲಯ ಎನ್ನುವುದು ಇಲ್ಲಿ ತಿರುವುಮುರುವಾಗಿದೆ.

ಈ ಶೈಲಿಯ ದೇಗುಲದಲ್ಲಿ ನೋಡಬೇಕಾದದ್ದು ಕಂಬದಿಂದ ಕಂಬಕ್ಕಿರುವ ದೂರ. ಕಲ್ಲು ಭಾರ ಹೊರುತ್ತದೆ, ಆದರೆ ಬಾಗಿದರೆ ಬಿರಿಯುತ್ತದೆ. ಹಾಗಾಗಿ ಕಲ್ಲಿನ ತೊಲೆ ಉದ್ದವಾಗುವಂತಿಲ್ಲ, ಕಂಬಗಳು ಹತ್ತಿರ ಹತ್ತಿರ ನಿಲ್ಲಬೇಕು. ನಾಲ್ಕು ತೊಲೆಗಳ ನಡುವಿನ ಚೌಕದ ಮೂಲೆಗಳಿಗೆ ಕಲ್ಲಿಟ್ಟು ಚೌಕವನ್ನು ಕಿರಿದು ಮಾಡಿ ಮೇಲೆ ಮುಚ್ಚುತ್ತಾರೆ. ಟಾರ್ಚನ್ನು ನೇರ ಮೇಲಕ್ಕೆ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದರೆ ಕೆತ್ತನೆಯ ಆಳ ಕಾಣುತ್ತದೆ.

ಅಲ್ಲಿಂದ ಹಳೇ ದಾವಣಗೆರೆ. ದುಗ್ಗಮ್ಮನ ಗುಡಿಯ ಸುತ್ತಿನ ಓಣಿಗಳಲ್ಲಿ ಮಣ್ಣಿನ ಮಾಳಿಗೆ, ಅಂದರೆ ಮರದ ಮೇಲೆ ಮಣ್ಣು ಹೊದಿಸಿದ ಚಪ್ಪಟೆ ಚಾವಣಿ, ಎಲ್ಲಿ ಉಳಿದಿದೆಯೋ ಆ ಮನೆಗೆ ಹೆಚ್ಚು ಹೊತ್ತು ಕೊಡಿ. ದೇಗುಲದ ಲೆಕ್ಕವೇ ಇಲ್ಲಿ ಮರದಲ್ಲಿದೆ: ನಾಲ್ಕು ಕಂಬಗಳ ನಡುವಿನ ಜಾಗ ಒಂದು ಅಂಕಣ, ಹೆಚ್ಚುಕಡಿಮೆ 8ರಿಂದ 10 ಅಡಿ. ಸಿಕ್ಕ ಮರದ ಉದ್ದವೇ ಅದನ್ನು ನಿರ್ಧರಿಸುತ್ತದೆ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತೆ, ಜಂತೆಯ ಮೇಲೆ ಹಲಗೆ ಅಥವಾ ಬಿದಿರು, ಅದರ ಮೇಲೆ ಬಂದರಿಕೆ ಅಥವಾ ಲಕ್ಕಿ ಸೊಪ್ಪು, ಕೊನೆಗೆ ಕರಲು ಮಣ್ಣಿನ ಮೇಲ್ಮುದ್ದೆ. ಬೆಳಕಿಗೆ ಗವಾಕ್ಷಿ, ನೀರು ಹೋಗಲು ದೋಣಿ.

ಬೇರೆ ಮಣ್ಣು ಬಿಟ್ಟು ಕರಲು ಮಣ್ಣೇ ಯಾಕೆ? ಅದರಲ್ಲಿ ಸೋಡಿಯಂ ಅಂಶ ಹೆಚ್ಚು. ನೀರು ಬಿದ್ದಾಗ ಜೇಡಿಯ ಕಣಗಳು ಬಿಡಿಬಿಡಿಯಾಗಿ ಚದುರಿ, ಮಣ್ಣಿನ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ನೀರು ಇಳಿಯದೆ ದೋಣಿಯತ್ತ ಹರಿಯುತ್ತದೆ. ಹೊಲದಲ್ಲಿ ಬೆಳೆ ಬಾರದಂತೆ ಮಾಡುವ ಗುಣವೇ ಮಾಳಿಗೆಯ ಮೇಲೆ ಮನೆ ಕಾಯುತ್ತದೆ. ಇದನ್ನು ಕಂಡುಕೊಂಡ ನಮ್ಮ ರೈತರ ಜಾಣ್ಮೆಯನ್ನು ಶಾಲಾ ಮಕ್ಕಳಿಗೆ ಆ ಮನೆಯೊಳಗೇ ನಿಲ್ಲಿಸಿ ಹೇಳಬೇಕು.

ಇಂಥ ಮಾಳಿಗೆ ಹಾಳಾಗುವುದು ಎರಡು ಕಾರಣಕ್ಕೆ. ಒಂದು, ಹಳೆಯದನ್ನು ಕೆರೆದು ತೆಗೆಯದೆ ವರ್ಷವರ್ಷವೂ ಹೊಸ ಮಣ್ಣು ಹಾಕುವುದು. ಒಂದು ಚದರಕ್ಕೆ, ಅಂದರೆ 100 ಚದರಡಿಗೆ, ಒಂದು ಇಂಚು ಮಣ್ಣು ಸುಮಾರು 400 ಕೆ.ಜಿ. ತೂಗುತ್ತದೆ. 6 ಇಂಚಿಗೆ 2,400 ಕೆ.ಜಿ. ಅದು 10 ಇಂಚಿಗೆ ಏರಿದರೆ ಜಂತೆ ನಡುವೆ ಜೋತುಬೀಳುತ್ತದೆ, ತಗ್ಗಿನಲ್ಲಿ ನೀರು ನಿಲ್ಲುತ್ತದೆ, ನೀರು ನಿಂತಲ್ಲಿ ಇನ್ನಷ್ಟು ಮಣ್ಣು ಹಾಕುತ್ತಾರೆ. ಎರಡನೆಯದು ಇನ್ನೂ ಕೆಟ್ಟದ್ದು: ಮಣ್ಣಿನ ಮೇಲೆ ಸಿಮೆಂಟು ಬಳಿಯುವುದು. ಮರ ಬಿಸಿಲು ಮಳೆಗೆ ಹಿಗ್ಗಿ ಕುಗ್ಗುತ್ತದೆ, ಮಣ್ಣು ಅದಕ್ಕೆ ಹೊಂದಿಕೊಳ್ಳುತ್ತದೆ. ಸಿಮೆಂಟು ಹೊಂದಿಕೊಳ್ಳದೆ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಇಳಿದ ನೀರಿಗೆ ಆರಿ ಹೋಗಲು ದಾರಿಯಿಲ್ಲ. ಗೋಡೆಯೊಳಗೆ ಸೇರಿದ ಜಂತೆಯ ತುದಿ ಯಾರ ಕಣ್ಣಿಗೂ ಬೀಳದಂತೆ ಕೊಳೆಯುತ್ತದೆ. ಜಂತೆ ಗೋಡೆಗೆ ಸೇರುವ ಜಾಗದಲ್ಲಿ ಕಪ್ಪು ಕಲೆ ಇದೆಯೇ, ಕೆಳಗೆ ಮರದ ಪುಡಿ ಉದುರಿದೆಯೇ, ಬೆರಳ ಗಂಟಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆಯೇ ಎಂದು ಮನೆಯವರ ಒಪ್ಪಿಗೆ ಪಡೆದು ನೋಡಿ.

ಮಂಡಿಪೇಟೆ, ಚೌಕಿಪೇಟೆ ಕಡೆಯ ವ್ಯಾಪಾರಿಗಳ ಮನೆಗಳಲ್ಲಿ ಮದರಾಸು ತಾರಸಿ ಇದೆಯೇ ಎಂದು ಹುಡುಕಿ. ಸುಮಾರು ಒಂದೂವರೆ ಅಡಿಗೊಂದು ತೇಗದ ಜಂತೆ, ಮೇಲೆ ಒಂದಂಗುಲ ದಪ್ಪದ ಸಣ್ಣ ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ಓರೆಯಾಗಿ ಗಾರೆಯಲ್ಲಿ ಜೋಡಿಸಿರುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ ಬೆರೆಸಿದ 3–4 ಇಂಚಿನ ಪದರವನ್ನು ಅಳಲೆಕಾಯಿ, ಬೆಲ್ಲದ ನೀರು ಚಿಮುಕಿಸುತ್ತಾ ಮರದ ಹಲಗೆಯಿಂದ ದಿನಗಟ್ಟಲೆ ಬಡಿಯುತ್ತಾರೆ. ಕೆಳಗಿನಿಂದ ನೋಡಿದರೆ ಇಟ್ಟಿಗೆಯ ಓರೆ ಸಾಲು ಕಾಣುತ್ತದೆ. ಉಕ್ಕಿನ ತೊಲೆಗಳ ನಡುವೆ ಇಟ್ಟಿಗೆಯ ಸಣ್ಣ ಕಮಾನುಗಳು ಕಂಡರೆ ಅದು ಬೇರೆ ಬಗೆ. ಅಲ್ಲಿ ತೊಲೆಯ ಕೆಳಮೈ ತುಕ್ಕು ಹಿಡಿದಿದೆಯೇ ನೋಡಿ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಅಕ್ಕಪಕ್ಕದ ಗಾರೆಯನ್ನು ಒಡೆಯುತ್ತದೆ.

ಹತ್ತಿ ಗಿರಣಿಗಳ ಕಾಲದ ಕಟ್ಟಡ ಉಳಿದಿದ್ದರೆ, ಗರಗಸದ ಹಲ್ಲಿನಂಥ ಚಾವಣಿಯ ಗಾಜು ಯಾವ ದಿಕ್ಕಿಗಿದೆ ನೋಡಿ. ಉತ್ತರಕ್ಕಿದ್ದರೆ ವರ್ಷದ ಬಹುಭಾಗ ನೇರ ಬಿಸಿಲು ಅಷ್ಟಾಗಿ ಒಳಗೆ ಬೀಳದು, ನೂಲಿನ ಮೇಲೆ ದಿನವಿಡೀ ಹೆಚ್ಚುಕಡಿಮೆ ಒಂದೇ ಸಮನಾದ ಬೆಳಕು ಸಿಗುತ್ತದೆ. ಪಿ.ಜೆ. ಬಡಾವಣೆಯಲ್ಲಿ ನೇರ ರಸ್ತೆ, ಕಾಂಪೌಂಡು, ಆರ್‌ಸಿಸಿ ತಾರಸಿ, ರೆಡ್‌ ಆಕ್ಸೈಡ್ ನೆಲ. ಮುಂಗೋಡೆಯ ನೆತ್ತಿಯಲ್ಲಿ ಬರೆದ ಇಸವಿಯನ್ನು ಮಾತ್ರ ಪೂರ್ತಿ ನಂಬಬೇಡಿ. ಅದು ಮುಂಭಾಗ ಹೊಸದಾಗಿ ಕಟ್ಟಿದ ಇಸವಿ ಇರಬಹುದು. ಹಿತ್ತಲಿಗೆ ಹೋಗಿ ಗೋಡೆಯ ದಪ್ಪ ಅಳೆಯಿರಿ. ಮುಂದೆ 9 ಇಂಚು, ಹಿಂದೆ 2 ಅಡಿ ಇದ್ದರೆ ಒಂದೇ ಮನೆಯಲ್ಲಿ ಎರಡು ಕಾಲಗಳಿವೆ.

ಈಗ ಬಾಗಿಲು ತೆರೆಯುವವರಿಗೆ. ದೇವರಮನೆ, ಅಡುಗೆಮನೆ, ಮಲಗುವ ಕೋಣೆ ತೋರಿಸಲೇಬೇಕಿಲ್ಲ. ಪಡಸಾಲೆ, ನಡುಮನೆ, ದನಕ್ಕೆ ಮೇವು ಹಾಕುವ ಗ್ವಾದಲಿ, ಹಿತ್ತಲು ಸಾಕು. ಒಂದು ಸಲಕ್ಕೆ ಹನ್ನೆರಡು ಜನ, ಅರ್ಧ ಗಂಟೆ. ಅಟ್ಟ, ಮಹಡಿಗೆ ನಾಲ್ಕೈದು ಜನಕ್ಕಿಂತ ಹೆಚ್ಚು ಹತ್ತಿಸಬೇಡಿ, ಅವರೂ ಒಂದೇ ಕಡೆ ಗುಂಪಾಗಬಾರದು. ಇಂದಿನ ನಿಯಮದಂತೆ ವಾಸದ ಮನೆಯ ಮಹಡಿಯನ್ನು ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರಕ್ಕೆ ಕಟ್ಟುತ್ತಾರೆ, ಜನ ಒತ್ತಾಗಿ ಸೇರುವ ಸಭಾಂಗಣವನ್ನು 500 ಕೆ.ಜಿ.ಗೆ. ಒಂದು ಚದರ ಮೀಟರಿನಲ್ಲಿ ನಾಲ್ವರು ನಿಂತರೆ 300 ಕೆ.ಜಿ. ಬಂತು. ಹಳೆಯ ಮರಕ್ಕೆ ಆ ಪರೀಕ್ಷೆ ಬೇಡ. ಮೇಲ್ಮುದ್ದೆಯ ಮೇಲಂತೂ ಯಾರನ್ನೂ ಹತ್ತಿಸಬೇಡಿ.

ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ, ಇರುವ ಮನೆಯವರಿಗೆ ಕೈಮುಗಿದು ಹೇಳುತ್ತೇನೆ: ಮಕ್ಕಳು ಎಷ್ಟೇ ಕೇಳಿದರೂ ಯಾರನ್ನೂ ಒಳಗೆ ಇಳಿಸಬೇಡಿ. ಕಾಳು ಉಸಿರಾಡುತ್ತಾ ಆಮ್ಲಜನಕ ಮುಗಿಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಇಳಿದವರೂ, ಅವರನ್ನು ಎತ್ತಲು ಇಳಿದವರೂ ಹೀಗೆ ಸತ್ತದ್ದುಂಟು. ದೀಪ ಇಳಿಬಿಟ್ಟು ಆರಲಿಲ್ಲ ಎಂದು ನಂಬುವುದೂ ಸಾಲದು. ಬಾಯಿಗೆ ಚಪ್ಪಡಿ ಮುಚ್ಚಿಯೇ ಇರಲಿ, ಪಕ್ಕದಲ್ಲಿ ಒಬ್ಬರು ನಿಂತಿರಲಿ, ಆಕಾರವನ್ನು ಚಿತ್ರ ಬರೆದು ತೋರಿಸಿ.

ಸ್ವಯಂಸೇವಕರು 5 ಮೀಟರಿನ ಟೇಪು, ಟಾರ್ಚು, ಪೆನ್ಸಿಲು, ದಪ್ಪ ಹಾಳೆ ತರಬೇಕು. ಗೋಡೆ ಕೆರೆದು ಸುಣ್ಣವೋ ಸಿಮೆಂಟೋ ಎಂದು ನೋಡಬೇಡಿ, ಎಲ್ಲಾದರೂ ಹೊಪ್ಪಳ ಎದ್ದ ಜಾಗ ಇದ್ದೇ ಇರುತ್ತದೆ, ಅಲ್ಲಿ ನೋಡಿ. ಬೀಗ, ಬೀರು, ಮನೆಯವರ ಮುಖ ಫೋಟೋದಲ್ಲಿ ಬರಬಾರದು. ಮನೆಗೊಂದು ಹಾಳೆ: ಎಷ್ಟು ಅಂಕಣ, ಯಾವ ಬಗೆಯ ಚಾವಣಿ, ಗೋಡೆಯ ದಪ್ಪ ಮುಂದೆಷ್ಟು ಹಿಂದೆಷ್ಟು, ಸೋರುವ ಜಾಗ ಎಲ್ಲಿ, ಕೊಳೆತ ಜಂತೆ ಯಾವುದು. ಎರಡು ಪ್ರತಿ ಮಾಡಿ, ಒಂದನ್ನು ಅದೇ ದಿನ ಮನೆಯವರ ಕೈಗೆ ಕೊಡಿ. ಮಳೆಗಾಲಕ್ಕೆ ಮೊದಲು ಮಾಳಿಗೆಯ ಕೆಲಸ ಹಿಡಿಯುವಾಗ ಯಾವ ಜಂತೆ ಬದಲಿಸಬೇಕು, ಎಷ್ಟು ಇಂಚು ಮಣ್ಣು ಇಳಿಸಬೇಕು ಎಂದು ಕೆಲಸದವರಿಗೆ ತೋರಿಸಲು ಅವರಿಗೆ ಅದು ಬೇಕಾಗುತ್ತದೆ.