ಸೂಕ್ತ ಅಂದ್ರೆ ಎಷ್ಟು?

ಕೇಳುಗರಿಗೆ ನಮಸ್ಕಾರ. ಮಾಹಿತಿ ಬರಹ ಎಂದಾಗಲೆಲ್ಲ ನನಗೆ ನೆನಪಾಗುವುದು ಶಿರಸಿ ಸೀಮೆಯ ನಮ್ಮ ಪಕ್ಕದ ಮನೆಯ ಅತ್ತೆ ಕೇಳಿದ ಒಂದು ಪ್ರಶ್ನೆ.

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಕುರಿತು ಊರಿನವರಿಗೆಂದು ಒಂದು ಪುಟ ಬರೆದಿದ್ದೆ. "ಮೈಲುತುತ್ತ ಹಾಗೂ ಸುಣ್ಣವನ್ನು ಸೂಕ್ತ ಪ್ರಮಾಣದಲ್ಲಿ ಬೆರೆಸಿ ಸಕಾಲದಲ್ಲಿ ಸಿಂಪಡಿಸತಕ್ಕದ್ದು" ಎಂದಿತ್ತು. ಅತ್ತೆ ಓದಿ ಕೇಳಿದರು: "ಸೂಕ್ತ ಅಂದ್ರೆ ಎಷ್ಟು ತಮಾ? ಯಾವ್ದಕ್ಕೆ ಯಾವ್ದು ಹೊಯ್ಯವು?"

ವಾಕ್ಯದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅದನ್ನು ನೆಚ್ಚಿಕೊಂಡು ತೋಟಕ್ಕೆ ಇಳಿಯುವಂತಿರಲಿಲ್ಲ. ಕೂತು ಮತ್ತೆ ಬರೆದೆ. 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿ. 1 ಕಿಲೋ ಸುಣ್ಣವನ್ನು ಬೇರೆಯಾಗಿ ಇನ್ನೊಂದು 50 ಲೀಟರಿನಲ್ಲಿ ಕದಡಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕಲಕಿ, ತಿರುವುಮುರುವು ಮಾಡಬೇಡಿ. ಕಬ್ಬಿಣದ ಪಾತ್ರೆ ಬೇಡ, ತುತ್ತ ಅದನ್ನು ತಿನ್ನುತ್ತದೆ. ಆಮೇಲೆ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿಡಿ. ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಕಲಸಿದ್ದನ್ನು ಅಂದೇ ಹೊಡೆದು ಮುಗಿಸಿ.

ಕತ್ತಿಯ ಮಾತು ನನಗೆ ಬಹಳ ಇಷ್ಟ. ಬರೆದವನ ಮಾತನ್ನು ಸುಮ್ಮನೆ ನಂಬಬೇಕಿಲ್ಲ, ಓದಿದವರೇ ಪರೀಕ್ಷೆ ಮಾಡಿ ನೋಡಬಹುದು.

ಇಷ್ಟಾದರೂ ಅದು ಬರೀ ಅಪ್ಪಣೆಯ ಪಟ್ಟಿ. ಏಕೆ ಎಂಬುದು ಬೇಕು. ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆಗೆ ಕಾರಣವಾದ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿಯನ್ನು 1910ರಲ್ಲೇ ವಿವರಿಸಿದ್ದರು. ಅದು ಮಳೆನೀರಿನ ಜೊತೆ ಕಾಯಿಂದ ಕಾಯಿಗೆ ಹರಡುತ್ತದೆ. ಈ ಒಂದು ಸಂಗತಿ ಗೊತ್ತಾದರೆ ಮದ್ದು ಮಳೆ ಹಿಡಿಯುವ ಮೊದಲೇ ಏಕೆ, ಸೋಗೆಗೆ ಬಿದ್ದರೆ ಸಾಲದೆ ಕೊನೆ, ಅಂದರೆ ಕಾಯಿಯ ಗೊಂಚಲೆಲ್ಲ ನೆನೆಯಬೇಕು ಏಕೆ ಎಂದು ಬೇರೆ ಹೇಳಬೇಕಿಲ್ಲ. ಆ ಗೊಂಚಲಿಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುವುದೂ ಕಾಯಿಗೆ ನೀರು ತಾಗದಿರಲೆಂದೇ. ನಾನು ಬರೆಯದೆ ಬಿಟ್ಟ ಸಂದರ್ಭ ಎದುರಾದಾಗ, ಕಾರಣ ತಿಳಿದ ತೋಟಿಗ ತಾನೇ ಯೋಚಿಸಿ ದಾರಿ ಕಂಡುಕೊಳ್ಳುತ್ತಾನೆ.

ಬೇರೆಯವರ ಬರಹ ಓದುವಾಗಲೂ ಈಗ ಅತ್ತೆಯ ಪ್ರಶ್ನೆಯನ್ನೇ ಕೇಳುತ್ತೇನೆ. "ತಜ್ಞರ ಪ್ರಕಾರ" ಎಂದಿದ್ದರೆ ಯಾವ ತಜ್ಞರು, ಎಲ್ಲಿ ನೋಡಿದ್ದು? ಬಯಲುಸೀಮೆಯ ಲೆಕ್ಕ ನಮ್ಮ ಆಷಾಢದ ಮಳೆಗೆ ಹೊಂದುತ್ತದೆಯೇ? ಉತ್ತರ ಸಿಗದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತೇನೆ.

ಎರಡನೆಯ ಪ್ರತಿಯನ್ನೂ ಅತ್ತೆಗೇ ಕೊಟ್ಟೆ. ಕತ್ತಿಯ ಸಾಲಿನ ಹತ್ತಿರ ಬೆರಳಿಟ್ಟರು. "ತುಕ್ಕು ಹಿಡಿದ ಕತ್ತಿ ಮೊದ್ಲೇ ಕೆಂಪಿರ್ತು ತಮಾ. ಉಜ್ಜಿ ಅದ್ದವು ಹೇಳಿ ಬರಿ."

ಬರೆದೆ. ನಮಸ್ಕಾರ.