ವಿಮ್ ಎಡಿಟರ್‌ನಲ್ಲಿ ಇಂಡೆಂಟೇಷನ್ ಬದಲಿಸುವ ಮ್ಯಾಕ್ರೋಗಳು

[ಪರದೆ: ಒಂದೇ ಪೈಥಾನ್ ಕಡತ ಎರಡು ಕಿಟಕಿಗಳಲ್ಲಿ. ಎಡಗಡೆ ಸಾಲುಗಳು ನೆಟ್ಟಗಿವೆ, ಬಲಗಡೆ ಅಡ್ಡಾದಿಡ್ಡಿಯಾಗಿವೆ.]

ನಮಸ್ಕಾರ. ಪರದೆಯ ಮೇಲಿರುವುದು ಒಂದು ಚಿಕ್ಕ ಪೈಥಾನ್ ಪ್ರೋಗ್ರಾಂ. ಮೈಸೂರು ಅಥವಾ ಮಂಡ್ಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆಂದು ಬರೆಯಬಹುದಾದಂಥದು. ಇದು ಕೃಷ್ಣರಾಜಸಾಗರದ ನೀರಿನ ಮಟ್ಟವನ್ನು ಓದಿ, ಗರಿಷ್ಠ ಮಟ್ಟವಾದ 124.80 ಅಡಿ ಮುಟ್ಟಿದಾಗ ಎರಡು ಕೆಲಸ ಮಾಡಬೇಕು: ದಿನಾಂಕವನ್ನು ದಾಖಲಿಸಬೇಕು, ನದಿಪಾತ್ರದ ಜನರಿಗೆ ಎಚ್ಚರಿಕೆಯನ್ನು ಮುದ್ರಿಸಬೇಕು. ಯಾವ ಸಾಲು ಷರತ್ತಿನೊಳಗಿದೆ ಎಂದು ಪೈಥಾನ್ ತಿಳಿಯುವುದು ಸಾಲಿನ ಆರಂಭದಲ್ಲಿ ಬಿಟ್ಟ ಖಾಲಿ ಜಾಗದಿಂದ, ಅಂದರೆ ಇಂಡೆಂಟೇಷನ್‌ನಿಂದ. ಎರಡನೆಯ ಸಾಲು ಎಡಕ್ಕೆ ಸರಿದು ಷರತ್ತಿನಿಂದ ಹೊರಬಿದ್ದರೆ ಪ್ರೋಗ್ರಾಂ ಯಾವ ದೋಷವನ್ನೂ ತೋರಿಸದೆ ಓಡುತ್ತದೆ. ಆದರೆ ಬೇಸಿಗೆಯಲ್ಲಿ ಅಣೆಕಟ್ಟು ಬರಿದಾಗಿರುವಾಗಲೂ ಪ್ರವಾಹದ ಎಚ್ಚರಿಕೆ ಕೊಡುತ್ತಿರುತ್ತದೆ.

ಇಂಥ ಕಡತವನ್ನು ನಾಲ್ವರು ಹಂಚಿಕೊಂಡು ಬರೆಯುವಾಗ ಒಬ್ಬರು ಟ್ಯಾಬ್ ಒತ್ತಿರುತ್ತಾರೆ, ಇನ್ನೊಬ್ಬರು ಸ್ಪೇಸ್ ಒತ್ತಿರುತ್ತಾರೆ. ಟ್ಯಾಬನ್ನು 4 ಅಕ್ಷರದಗಲ ತೋರಿಸುವ ಕಂಪ್ಯೂಟರಿನಲ್ಲಿ ನೆಟ್ಟಗೆ ಕಂಡ ಸಾಲುಗಳು 8 ಅಕ್ಷರದಗಲ ತೋರಿಸುವ ಕಂಪ್ಯೂಟರಿನಲ್ಲಿ ಚದುರಿ ನಿಲ್ಲುತ್ತವೆ. ಒಂದೇ ಬ್ಲಾಕಿನಲ್ಲಿ ಇವೆರಡೂ ಗೊಂದಲವಾಗುವಂತೆ ಬೆರೆತಿದ್ದರೆ ಪೈಥಾನ್ 3 ಟ್ಯಾಬ್‌ಎರರ್ ಎಂದು ಹೇಳಿ ನಿಂತುಬಿಡುತ್ತದೆ, ಮತ್ತು ಅದು ನಿಲ್ಲುವುದೇ ಒಳ್ಳೆಯದು.

ಎಲ್ಲರೂ ಸ್ಪೇಸ್ ಬಳಸಿದರೆ ಸಮಸ್ಯೆ ಮುಗಿಯಿತಲ್ಲವೇ ಎಂದು ಕೇಳಬಹುದು. ಮುಗಿಯುವುದಿಲ್ಲ, ಏಕೆಂದರೆ ಒಂದೊಂದು ಕಡೆಯ ನಿಯಮ ಒಂದೊಂದು ಬಗೆಯದು. ಪೈಥಾನಿನ ಶೈಲಿ ಮಾರ್ಗದರ್ಶಿಯಾದ ಪೆಪ್ 8 ನಾಲ್ಕು ಸ್ಪೇಸ್ ಇರಲಿ ಎನ್ನುತ್ತದೆ; ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ ಬರೆಯುವವರು 8 ಅಕ್ಷರದಗಲದ ಟ್ಯಾಬನ್ನೇ ಬಳಸುತ್ತಾರೆ; ಸೆಟ್ಟಿಂಗುಗಳನ್ನು ಬರೆದಿಡುವ ಯಾಮಲ್ ಕಡತದ ಇಂಡೆಂಟೇಷನ್‌ನಲ್ಲಿ ಟ್ಯಾಬಿಗೆ ಪ್ರವೇಶವೇ ಇಲ್ಲ; 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ, ಪ್ರೋಗ್ರಾಂ ಕಟ್ಟುವ ಸಾಧನವಾದ ಮೇಕ್, ಮೇಕ್‌ಫೈಲ್ ಎಂಬ ತನ್ನ ಕಡತದಲ್ಲಿ ಆದೇಶದ ಸಾಲುಗಳು ಟ್ಯಾಬಿನಿಂದಲೇ ಆರಂಭವಾಗಬೇಕೆಂದು ಇಂದಿಗೂ ಹಟ ಹಿಡಿಯುತ್ತದೆ. ಒಂದೇ ಪ್ರಾಜೆಕ್ಟಿನಲ್ಲಿ ಇವುಗಳಲ್ಲಿ ಮೂರು ಬಗೆಯ ಕಡತಗಳಿದ್ದರೆ ದಿನಕ್ಕೆ ಹಲವು ಬಾರಿ ಸೆಟ್ಟಿಂಗ್ ಬದಲಿಸಬೇಕಾಗುತ್ತದೆ. ಮ್ಯಾಕ್ರೋ ಬೇಕಾಗುವುದು ಇಲ್ಲಿ.

[ಪರದೆ: ವಿಮ್, ಖಾಲಿ ಕಡತ. ಒತ್ತಿದ ಕೀಲಿಗಳು ಕೆಳಗಡೆ ಕಾಣುತ್ತವೆ.]

ಉದಾಹರಣೆಗೆ ವಿಮ್ ಎಡಿಟರ್ ತೆಗೆದುಕೊಳ್ಳೋಣ. 1991ರಲ್ಲಿ ಬ್ರಾಮ್ ಮೂಲೆನಾರ್ ಬಿಡುಗಡೆ ಮಾಡಿದ ಈ ಎಡಿಟರ್‌ನಲ್ಲಿ ಮ್ಯಾಕ್ರೋ ಎಂದರೆ ನೀವು ಒತ್ತಿದ ಕೀಲಿಗಳ ದಾಖಲೆ, ಅಷ್ಟೇ. ಕೀಲಿಗಳು ಅಕ್ಷರಗಳಾಗದೆ ಆದೇಶಗಳಾಗುವ ನಾರ್ಮಲ್ ಮೋಡ್‌ನಲ್ಲಿ ಕ್ಯೂ ಒತ್ತಿ, ಅದರ ಬೆನ್ನಿಗೆ ಎಸ್ ಒತ್ತಿ. ಈಗ ಎಸ್ ಹೆಸರಿನ ರಿಜಿಸ್ಟರಿನಲ್ಲಿ, ಅಂದರೆ ವಿಮ್ ಪಠ್ಯವನ್ನು ಇಟ್ಟುಕೊಳ್ಳುವ ಗೂಡಿನಲ್ಲಿ, ದಾಖಲಾತಿ ಆರಂಭವಾಯಿತು. ಕೋಲನ್ ಒತ್ತಿ, ಪರದೆಯಲ್ಲಿ ಕಾಣುವಂತೆ ಸೆಟ್‌ಲೋಕಲ್ ಎಂದು ಬರೆದು, ಟ್ಯಾಬ್‌ಸ್ಟಾಪ್ (ಟ್ಯಾಬ್ ಕಾಣುವ ಅಗಲ), ಸಾಫ್ಟ್‌ಟ್ಯಾಬ್‌ಸ್ಟಾಪ್ (ಟ್ಯಾಬ್ ಕೀಲಿ ಒತ್ತಿದಾಗ ಸರಿಯುವ ಅಗಲ), ಶಿಫ್ಟ್‌ವಿಡ್ತ್ (ಇಂಡೆಂಟೇಷನ್‌ನ ಒಂದು ಹೆಜ್ಜೆಯ ಅಗಲ) ಈ ಮೂರಕ್ಕೂ 4 ಎಂಬ ಬೆಲೆ ಕೊಟ್ಟು, ಕೊನೆಗೆ ಟ್ಯಾಬ್ ಬದಲು ಸ್ಪೇಸ್ ಹಾಕಿಸುವ ಎಕ್ಸ್‌ಪ್ಯಾಂಡ್‌ಟ್ಯಾಬ್ ಸೇರಿಸಿ ಎಂಟರ್ ಒತ್ತಿ. ಮತ್ತೊಮ್ಮೆ ಕ್ಯೂ ಒತ್ತಿದರೆ ದಾಖಲಾತಿ ನಿಲ್ಲುತ್ತದೆ. ಇನ್ನು ಮುಂದೆ ಆ್ಯಟ್ ಚಿಹ್ನೆ ಮತ್ತು ಎಸ್ ಒತ್ತಿದರೆ ಸಾಕು, ಕಡತ ನಾಲ್ಕು ಸ್ಪೇಸಿನ ಪದ್ಧತಿಗೆ ಬರುತ್ತದೆ. ಕೀಲಿಮಣೆಯಲ್ಲಿ ಕನ್ನಡ ಟೈಪಿಂಗ್ ಚಾಲೂ ಇದ್ದರೆ ಇದಾವುದೂ ನಡೆಯದು. ಕ್ಯೂ ಬದಲು ಕನ್ನಡ ಅಕ್ಷರವೊಂದು ಎಡಿಟರಿಗೆ ತಲುಪುವುದರಿಂದ ಮೊದಲು ಅದನ್ನು ಇಂಗ್ಲಿಷಿಗೆ ಬದಲಿಸಿಕೊಳ್ಳಿ.

ಟಿ ಹೆಸರಿನ ಎರಡನೆಯ ಮ್ಯಾಕ್ರೋವನ್ನು ಮೇಕ್‌ಫೈಲ್ ಮತ್ತು ಕರ್ನಲ್ ಕಡತಗಳಿಗಾಗಿ ಇದೇ ರೀತಿ ದಾಖಲಿಸಿ: ಟ್ಯಾಬ್‌ಸ್ಟಾಪ್ 8, ಸಾಫ್ಟ್‌ಟ್ಯಾಬ್‌ಸ್ಟಾಪ್ 0, ಶಿಫ್ಟ್‌ವಿಡ್ತ್ 0, ಕೊನೆಗೆ ನೋಎಕ್ಸ್‌ಪ್ಯಾಂಡ್‌ಟ್ಯಾಬ್. ಶಿಫ್ಟ್‌ವಿಡ್ತ್ 0 ಎಂದರೆ ಟ್ಯಾಬ್‌ಸ್ಟಾಪಿನ ಬೆಲೆಯನ್ನೇ ಅನುಸರಿಸು ಎಂದು ಅರ್ಥ.

ಒಂದೇ ಮ್ಯಾಕ್ರೋದಲ್ಲಿ ಎಕ್ಸ್‌ಪ್ಯಾಂಡ್‌ಟ್ಯಾಬ್ ಪದದ ಕೊನೆಗೆ ಉದ್ಗಾರ ಚಿಹ್ನೆ ಹಾಕಿ, ಇರುವುದನ್ನು ತಿರುಗುಮುರುಗು ಮಾಡಿದರೆ ಎರಡು ಮ್ಯಾಕ್ರೋಗಳ ಕೆಲಸ ಉಳಿಯುತ್ತದೆ ಎಂದು ಕೆಲವರು ಸೂಚಿಸುವುದುಂಟು. ನನಗೆ ಇದು ಸರಿಯೆನಿಸುವುದಿಲ್ಲ. ಮ್ಯಾಕ್ರೋ ಕಣ್ಣುಮುಚ್ಚಿ ಓಡುವಂಥದು. ಕಡತ ಈಗ ಯಾವ ಸ್ಥಿತಿಯಲ್ಲಿದೆ ಎಂದು ಅದು ನೋಡುವುದಿಲ್ಲ. ತಿರುಗುಮುರುಗು ಮಾಡುವ ಮ್ಯಾಕ್ರೋವನ್ನು ಅಕಸ್ಮಾತ್ ಎರಡು ಬಾರಿ ಓಡಿಸಿದರೆ ಎಲ್ಲಿದ್ದಿರೋ ಅಲ್ಲಿಗೇ ಬಂದಿರುತ್ತೀರಿ, ಆದರೆ ಬೆಲೆಯನ್ನು ಸ್ಪಷ್ಟವಾಗಿ ಹೇಳುವ ಮ್ಯಾಕ್ರೋವನ್ನು ಹತ್ತು ಬಾರಿ ಓಡಿಸಿದರೂ ಫಲಿತಾಂಶ ಒಂದೇ. ಸೆಟ್ ಬದಲು ಸೆಟ್‌ಲೋಕಲ್ ಬಳಸಿದ್ದು ಕೂಡ ಇದೇ ಎಚ್ಚರಿಕೆಯಿಂದ, ಅಂದರೆ ಒಂದು ಕಡತಕ್ಕೆ ಮಾಡಿದ ಬದಲಾವಣೆ ಮುಂದೆ ತೆರೆಯುವ ಕಡತಗಳಿಗೆ ಅಂಟಿಕೊಳ್ಳದಿರಲಿ ಎಂದು.

[ಪರದೆ: ಎಸ್ ಮ್ಯಾಕ್ರೋ ಓಡಿದ ಮೇಲೂ ಎರಡೆರಡು ಸ್ಪೇಸಿನ ಸಾಲುಗಳು ಹಾಗೆಯೇ ಇವೆ.]

ಇಲ್ಲಿ ಬಹಳ ಜನ ಎಡವುತ್ತಾರೆ. ಮ್ಯಾಕ್ರೋ ಓಡಿಸಿದ್ದಾಯಿತು, ಸೆಟ್ಟಿಂಗ್ 4 ಎಂದೇ ಇದೆ, ಹಳೆಯ ಸಾಲುಗಳು ಮಾತ್ರ ಕದಲಿಲ್ಲ. ಕದಲಬಾರದು ಕೂಡ, ಏಕೆಂದರೆ ಸೆಟ್ಟಿಂಗ್ ಎಂಬುದು ಕಡತ ಹೇಗೆ ಕಾಣಬೇಕು ಮತ್ತು ಇನ್ನು ಮುಂದೆ ಒತ್ತುವ ಟ್ಯಾಬ್ ಏನಾಗಬೇಕು ಎಂಬುದನ್ನು ನಿರ್ಧರಿಸುತ್ತದೆಯೇ ಹೊರತು ಆಗಲೇ ಬರೆದ ಅಕ್ಷರಗಳನ್ನು ಮುಟ್ಟುವುದಿಲ್ಲ. ಟ್ಯಾಬುಗಳಿದ್ದರೆ ರೀಟ್ಯಾಬ್ ಎಂಬ ಆದೇಶ ಅವನ್ನು ಸ್ಪೇಸ್‌ಗಳಾಗಿಸುತ್ತದೆ. ಎರಡು ಸ್ಪೇಸನ್ನು ನಾಲ್ಕು ಮಾಡಲು ಅದೊಂದೇ ಸಾಲದು.

ಇದಕ್ಕೆ ರೂಢಿಯಲ್ಲಿರುವ ಉಪಾಯವೆಂದರೆ ಟ್ಯಾಬ್‌ಸ್ಟಾಪನ್ನು 2 ಮಾಡಿ, ನೋಎಕ್ಸ್‌ಪ್ಯಾಂಡ್‌ಟ್ಯಾಬ್ ಕೊಟ್ಟು, ಉದ್ಗಾರ ಚಿಹ್ನೆಯೊಂದಿಗೆ ರೀಟ್ಯಾಬ್ ಓಡಿಸಿ ಸ್ಪೇಸ್‌ಗಳನ್ನು ಟ್ಯಾಬುಗಳಾಗಿಸುವುದು, ಆಮೇಲೆ ಟ್ಯಾಬ್‌ಸ್ಟಾಪನ್ನು 4 ಮಾಡಿ, ಎಕ್ಸ್‌ಪ್ಯಾಂಡ್‌ಟ್ಯಾಬ್ ಕೊಟ್ಟು, ರೀಟ್ಯಾಬ್‌ನಿಂದ ಅವನ್ನು ಮತ್ತೆ ಸ್ಪೇಸ್‌ಗಳಾಗಿ ಹಿಗ್ಗಿಸುವುದು. ಕೆಲಸವೇನೋ ಆಗುತ್ತದೆ, ಆದರೆ ಈ ವಿಧಾನ ಸಾಲಿನ ನಡುವೆ ಇರುವ ಜೋಡಿ ಸ್ಪೇಸ್‌ಗಳನ್ನೂ ಬಿಡುವುದಿಲ್ಲ. ನಮ್ಮ ಪ್ರೋಗ್ರಾಮಿನಲ್ಲಿ ಮಟ್ಟ ಮತ್ತು ಒಳಹರಿವಿನ ಅಂಕಿಗಳನ್ನು ಕಂಬ ಕಂಬವಾಗಿ ಮುದ್ರಿಸಲು ಉದ್ಧರಣ ಚಿಹ್ನೆಗಳೊಳಗೆ ಬಿಟ್ಟಿದ್ದ ಜಾಗವೂ ಬದಲಾಗಿಬಿಡಬಹುದು. ಕಡತದ ಹಳೆಯ ಮತ್ತು ಹೊಸ ರೂಪಗಳ ವ್ಯತ್ಯಾಸ ತೋರಿಸುವ ಗಿಟ್ ಡಿಫ್‌ಗೆ ಡಬ್ಲ್ಯು ಆಯ್ಕೆ ಕೊಟ್ಟು ಪರೀಕ್ಷಿಸಿದರೂ ಈ ಹಾನಿ ಕಾಣದು, ಆ ಆಯ್ಕೆ ಖಾಲಿ ಜಾಗದ ವ್ಯತ್ಯಾಸವನ್ನೆಲ್ಲ ಕಡೆಗಣಿಸುತ್ತದೆ.

ಅದಕ್ಕಿಂತ ಪರದೆಯಲ್ಲಿರುವ ಬದಲಿಸುವ ಆದೇಶ ಮೇಲು. ಸಾಲಿನ ಆರಂಭದ ಸ್ಪೇಸ್‌ಗಳನ್ನು ಮಾತ್ರ ಹಿಡಿದು, ಹಿಡಿದದ್ದನ್ನು ಸೂಚಿಸುವ ಆಂಪರ್‌ಸ್ಯಾಂಡ್ ಚಿಹ್ನೆಯನ್ನು ಎರಡು ಬಾರಿ ಬರೆದರೆ ಎರಡು ನಾಲ್ಕಾಗುತ್ತದೆ, ನಾಲ್ಕು ಎಂಟಾಗುತ್ತದೆ, ಸಾಲಿನ ಒಳಭಾಗ ಇದ್ದಂತೆಯೇ ಇರುತ್ತದೆ. ಹಲವು ಸಾಲುಗಳಿಗೆ ಹಬ್ಬಿದ ಪಠ್ಯವಿದ್ದರೆ ಅದನ್ನು ಮಾತ್ರ ಕಣ್ಣಾರೆ ನೋಡಿಕೊಳ್ಳಬೇಕು. ಈ ಆದೇಶವನ್ನು ಎಸ್ ಮ್ಯಾಕ್ರೋದೊಳಗೆ ಸೇರಿಸಬೇಡಿ: ಎರಡನೆಯ ಸಲ ಓಡಿದರೆ ನಾಲ್ಕು ಎಂಟಾಗುತ್ತದೆ. ಹಾಗಾದಾಗ ಯು ಒತ್ತಿ ಪಠ್ಯವನ್ನು ಹಿಂದಕ್ಕೆ ತರಬಹುದು, ಆದರೆ ಸೆಟ್ಟಿಂಗುಗಳಿಗೆ ಯು ಅನ್ವಯಿಸುವುದಿಲ್ಲವೆಂಬುದು ನೆನಪಿರಲಿ.

ತಂಡದವರೆಲ್ಲ ಒಪ್ಪಿದರೆ ಪ್ರಾಜೆಕ್ಟಿನಲ್ಲಿ ಎಡಿಟರುಗಳಿಗೆ ಇಂಡೆಂಟೇಷನ್ ನಿಯಮ ಹೇಳುವ ಎಡಿಟರ್‌ಕಾನ್ಫಿಗ್ ಕಡತವೊಂದನ್ನು ಇಡುವುದು ಇದಕ್ಕಿಂತ ಉತ್ತಮ, ವಿಮ್‌ನಿಂದ ಕವಲೊಡೆದ ನಿಯೋವಿಮ್ 0.9ರಿಂದ ಈಚೆಗೆ ಅದನ್ನು ತಾನಾಗಿಯೇ ಓದುತ್ತದೆ. ಒಪ್ಪಿಗೆಯಿಲ್ಲದ ಕಡೆ, ಬೇರೆಯವರ ಕಡತ ತೆರೆದಾಗ, ಮ್ಯಾಕ್ರೋವೇ ಗತಿ.

[ಪರದೆ: ವಿಮ್‌ಆರ್‌ಸಿ ಕಡತ.]

ಮ್ಯಾಕ್ರೋ ಕೂತಿರುವ ರಿಜಿಸ್ಟರಿಗೇ ಮುಂದೊಮ್ಮೆ ಯಾವುದಾದರೂ ಸಾಲನ್ನು ನಕಲು ಮಾಡಿದರೆ ಮ್ಯಾಕ್ರೋ ಅಳಿದುಹೋಗುತ್ತದೆ. ಆದ್ದರಿಂದ ಲೆಟ್ ಆದೇಶದ ಮೂಲಕ ಎಸ್ ಮತ್ತು ಟಿ ಎರಡನ್ನೂ ವಿಮ್ ಆರಂಭವಾಗುವಾಗ ಓದುವ ವಿಮ್‌ಆರ್‌ಸಿ ಕಡತದಲ್ಲಿ ಬರೆದಿಡಿ. ಎಂಟರ್ ಕೀಲಿಯ ಜಾಗದಲ್ಲಿ ಹಿಂದುಗೆರೆ (ಬ್ಯಾಕ್‌ಸ್ಲ್ಯಾಶ್) ಮತ್ತು ಆರ್ ಹಾಕಿ, ಇಡೀ ಸಾಲನ್ನು ಜೋಡಿ ಉದ್ಧರಣ ಚಿಹ್ನೆಗಳೊಳಗೆ ಇಡಬೇಕು. ಒಂಟಿ ಚಿಹ್ನೆಗಳೊಳಗೆ ಇಟ್ಟರೆ ವಿಮ್ ಅದನ್ನು ಎಂಟರ್ ಎಂದು ಓದದೆ ಎರಡು ಬಿಡಿ ಅಕ್ಷರಗಳೆಂದು ತಿಳಿಯುತ್ತದೆ.